ರಿಲೇಟಿವ್ ಗ್ರೇಡಿಂಗ್ ಅನ್ಯಾಯ ಆಗದ ಹಾಗೆ ಮಾಡೋದು ಹೇಗೆ? ಹೊಸ ಮೇಷ್ಟ್ರುಗಳಿಗೆ ಹಂತ ಹಂತದ ಸಮಗ್ರ ಮಾರ್ಗದರ್ಶಿ

ಮಾಮೂಲಿ ಅಬ್ಸೊಲ್ಯೂಟ್ ಗ್ರೇಡಿಂಗ್ ಇರುವ ಕಾಲೇಜಾದರೆ ಮೇಷ್ಟ್ರಿಗೆ ದೊಡ್ಡ ಚಿಂತೆ ಇಲ್ಲ. 90 ದಾಟಿದರೆ ಇಂಥ ಗ್ರೇಡ್, 80 ದಾಟಿದರೆ ಇಂಥದ್ದು ಅಂತ ರೆಗ್ಯುಲೇಷನ್‌ನಲ್ಲೇ ಬರೆದಿರುತ್ತದೆ. ಆದರೆ ಸುರತ್ಕಲ್‌ನ ಎನ್‌ಐಟಿಕೆ ತರಹದ ಕಡೆ, ಮತ್ತೆ ನಮ್ಮ ಕೆಲವು ಡೀಮ್ಡ್ ಮತ್ತು ಖಾಸಗಿ ವಿಶ್ವವಿದ್ಯಾಲಯಗಳಲ್ಲಿ, ಕ್ಲಾಸಿನ ಉಳಿದವರು ಎಷ್ಟು ತೆಗೆದಿದ್ದಾರೆ ಅನ್ನೋದರ ಮೇಲೆ ವಿದ್ಯಾರ್ಥಿಯ ಗ್ರೇಡ್ ನಿಂತಿರುತ್ತದೆ. ಇದೇ ರಿಲೇಟಿವ್ ಗ್ರೇಡಿಂಗ್, ಆಡುಮಾತಿನಲ್ಲಿ ಕರ್ವ್ ಹಾಕುವುದು. ಯುಜಿಸಿಯ ಸಿಬಿಸಿಎಸ್ (ಚಾಯ್ಸ್ ಬೇಸ್ಡ್ ಕ್ರೆಡಿಟ್ ಸಿಸ್ಟಮ್) ಮಾರ್ಗಸೂಚಿ ಎರಡಕ್ಕೂ ಜಾಗ ಕೊಟ್ಟಿದೆ. ಹಾಗಾಗಿ ಕೆಲಸಕ್ಕೆ ಸೇರಿದ ಮೊದಲ ಸೆಮಿಸ್ಟರ್‌ನಲ್ಲೇ ಎಷ್ಟೋ ಜನರ ಕೈಗೆ ಒಂದು ಎಕ್ಸೆಲ್ ಶೀಟ್ ಕೊಟ್ಟು "ಕಟ್‌ಆಫ್ ಹಾಕಿ ಕಳಿಸಿ" ಅಂತಾರೆ. ಹೇಗೆ ಹಾಕಬೇಕು ಅಂತ ಯಾರೂ ಕೂರಿಸಿಕೊಂಡು ಹೇಳುವುದಿಲ್ಲ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಕರ್ವ್‌ನಿಂದ ಸರಿಹೋಗುವ ತೊಂದರೆ ಒಂದೇ ಒಂದು: ಪೇಪರ್ ಈ ಸಲ ಕಷ್ಟ ಬಂದಿತ್ತಾ, ಸುಲಭ ಬಂದಿತ್ತಾ ಅನ್ನೋದು. ಒಬ್ಬ ಮೇಷ್ಟ್ರು ಕೈಬಿಚ್ಚಿ ಮಾರ್ಕ್ಸ್ ಕೊಟ್ಟು ಇನ್ನೊಬ್ಬರು ಜಿಪುಣತನ ಮಾಡಿದ್ದರೆ, ಕರ್ವ್ ಹಾಕಿದ ಮೇಲೂ ಆ ಅನ್ಯಾಯ ಹಾಗೇ ಇರುತ್ತದೆ, ಕಣ್ಣಿಗೆ ಕಾಣುವುದಿಲ್ಲ ಅಷ್ಟೇ. ತಕ್ಕಡಿಯೇ ಕೆಟ್ಟಿದ್ದರೆ ಲೆಕ್ಕದ ಪುಸ್ತಕ ಎಷ್ಟು ಚೆನ್ನಾಗಿ ಬರೆದರೂ ತೂಕ ಸರಿಹೋಗುತ್ತದಾ? ಅದಕ್ಕೇ ಕೆಳಗಿನ ಹಂತಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಕರ್ವ್ ಹಾಕುವುದಕ್ಕೂ ಮುಂಚಿನವು.

ಹಂತ 1: ಕರ್ವ್ ಬೇಕಾ ಅಂತ ನೋಡಿ

ಎಲ್ಲ ಕೋರ್ಸಿಗೂ ಕರ್ವ್ ಹೊಂದುವುದಿಲ್ಲ. ಲ್ಯಾಬ್ ತಗೊಳ್ಳಿ. ಲ್ಯಾಬ್‌ನಲ್ಲಿ ಹೆಚ್ಚಿನವರು 75ರ ಮೇಲೆ ತೆಗೆಯುತ್ತಾರೆ. ಸರಾಸರಿ 82, ಎಸ್‌ಡಿ ಅಂದರೆ ಸ್ಟ್ಯಾಂಡರ್ಡ್ ಡೀವಿಯೇಷನ್ (ಮಾರ್ಕ್ಸ್ ಸರಾಸರಿಯಿಂದ ಎಷ್ಟು ಹರಡಿಕೊಂಡಿದೆ ಅನ್ನುವ ಅಳತೆ) 7 ಅಂತಿಟ್ಟುಕೊಳ್ಳಿ. ತುಂಬಾ ಕಡೆ ಬಳಸುವ ಸೂತ್ರದಲ್ಲಿ ಸರಾಸರಿಗಿಂತ ಎರಡು ಎಸ್‌ಡಿ ಕೆಳಗಿದ್ದವರು ಫೇಲ್. ಅಂದರೆ 68ಕ್ಕಿಂತ ಕಡಿಮೆ ತೆಗೆದವರೆಲ್ಲ ಎಫ್! ಎಲ್ಲ ಪ್ರಯೋಗ ಮಾಡಿ, ರೆಕಾರ್ಡ್ ಬರೆದು, ವೈವಾದಲ್ಲಿ ತಕ್ಕಮಟ್ಟಿಗೆ ಉತ್ತರ ಹೇಳಿ 66 ತೆಗೆದ ಹುಡುಗಿಯನ್ನು ಫೇಲ್ ಮಾಡುವುದಕ್ಕೆ ಯಾವ ಕಾರಣ ಕೊಡುತ್ತೀರಿ? ಲ್ಯಾಬ್, ಪ್ರಾಜೆಕ್ಟ್, ಸೆಮಿನಾರ್, ಇಂಟರ್ನ್‌ಶಿಪ್, ಇವಕ್ಕೆಲ್ಲ ಅಬ್ಸೊಲ್ಯೂಟ್ ಗ್ರೇಡಿಂಗೇ ಸರಿ.

ಸಣ್ಣ ಕ್ಲಾಸಿಗೂ ಕರ್ವ್ ಬೇಡ. ಹತ್ತು ಹನ್ನೆರಡು ಜನ ಇರುವ ಎಲೆಕ್ಟಿವ್‌ನಲ್ಲಿ ಸರಾಸರಿ, ಎಸ್‌ಡಿ ಎರಡೂ ಒಬ್ಬಿಬ್ಬರ ಮಾರ್ಕ್ಸ್‌ಗೆ ಓಲಾಡುತ್ತವೆ. ಎಷ್ಟು ಓಲಾಡುತ್ತವೆ ಅಂತ ಹಂತ 5ರಲ್ಲಿ ಲೆಕ್ಕ ಹಾಕಿಯೇ ತೋರಿಸುತ್ತೇನೆ. ನನ್ನನ್ನು ಕೇಳಿದರೆ ಮೂವತ್ತು ಜನರಿಗಿಂತ ಕಡಿಮೆ ಇದ್ದಲ್ಲಿ ಕರ್ವ್ ಮುಟ್ಟಲೇಬಾರದು. ನಿಮ್ಮ ರೆಗ್ಯುಲೇಷನ್‌ನಲ್ಲಿ ಬೇರೆ ಸಂಖ್ಯೆ ಇರಬಹುದು, ಅದನ್ನು ಮೊದಲು ತೆಗೆದು ಓದಿ.

ಹಂತ 2: ನಿಯಮವನ್ನು ಮೊದಲ ವಾರವೇ ಬರೆದು ಕೊಡಿ

ಕೋರ್ಸ್ ಪ್ಲಾನ್‌ನಲ್ಲಿ ಇಷ್ಟು ಇರಲಿ: ಯಾವ ಸೂತ್ರ, ಪಾಸಿಗೆ ಕನಿಷ್ಠ ಎಷ್ಟು, ಎಲ್ಲ ಸೆಕ್ಷನ್‌ಗೂ ಸೇರಿ ಒಂದೇ ಕರ್ವಾ ಅಥವಾ ಬೇರೆ ಬೇರೆಯಾ, ದಶಾಂಶ ಬಂದರೆ ಏನು ಮಾಡುತ್ತೀರಿ. ಮಾರ್ಕ್ಸ್ ನೋಡಿದ ಮೇಲೆ ಬರೆದ ನಿಯಮ ಎಷ್ಟೇ ಒಳ್ಳೆಯದಾದರೂ ಯಾರಿಗೋ ಅನುಕೂಲ ಮಾಡಿದ ಹಾಗೆ ಕಾಣುತ್ತದೆ. ಎಷ್ಟೋ ಸಲ ನಿಜಕ್ಕೂ ಅನುಕೂಲ ಮಾಡಿಯೇ ಇರುತ್ತದೆ.

ಇದರ ಜೊತೆ ಒಂದು ಗ್ಯಾರಂಟಿ ಸೇರಿಸಿ (ಎಸ್ ಎಲ್ಲಕ್ಕಿಂತ ಮೇಲಿನ ಗ್ರೇಡ್, ಆಮೇಲೆ ಎ, ಬಿ, ಸಿ, ಡಿ, ಇ, ಫೇಲಾದರೆ ಎಫ್): "90 ತೆಗೆದವರಿಗೆ ಎಸ್ ಗ್ರೇಡ್ ಖಂಡಿತ, 80 ತೆಗೆದವರಿಗೆ ಎ ಗಿಂತ ಕಡಿಮೆ ಬರುವುದಿಲ್ಲ, ಕ್ಲಾಸಿನಲ್ಲಿ ಉಳಿದವರು ಎಷ್ಟೇ ತೆಗೆಯಲಿ." ಕರ್ವ್‌ನಿಂದ ಗ್ರೇಡ್ ಏರಬಹುದು, ಈ ಮಿತಿಗಿಂತ ಇಳಿಯಬಾರದು. ಈ ಒಂದು ಸಾಲಿಲ್ಲದಿದ್ದರೆ ಏನಾಗುತ್ತದೆ ಗೊತ್ತಲ್ವಾ, ನೋಟ್ಸ್ ಕೇಳಿದರೆ "ನನ್ನ ಹತ್ರ ಇಲ್ಲ ಕಣೋ" ಅನ್ನೋದು ಶುರುವಾಗುತ್ತದೆ, ಯಾಕೆಂದರೆ ಪಕ್ಕದವನು ಚೆನ್ನಾಗಿ ಬರೆದಷ್ಟೂ ನನ್ನ ಕಟ್‌ಆಫ್ ಮೇಲಕ್ಕೆ ಹೋಗುತ್ತದೆ.

ಕರ್ವ್‌ನ ಲೂಪ್‌ಹೋಲ್ ಹುಡುಕುವುದರಲ್ಲಿ ಹುಡುಗರು ನಮಗಿಂತ ಒಂದು ಹೆಜ್ಜೆ ಮುಂದೆ. 2012ರ ಕೊನೆಯಲ್ಲಿ ಅಮೆರಿಕದ ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾಲಯದಲ್ಲಿ ನಡೆದದ್ದು ಕೇಳಿ. ಅಲ್ಲಿನ ಕಂಪ್ಯೂಟರ್ ಸೈನ್ಸ್ ಮೇಷ್ಟ್ರೊಬ್ಬರ ನಿಯಮ ಹೀಗಿತ್ತು: ಫೈನಲ್ ಪರೀಕ್ಷೆಯಲ್ಲಿ ಅತಿ ಹೆಚ್ಚು ತೆಗೆದವರ ಮಾರ್ಕ್ಸೇ ನೂರು, ಉಳಿದವರದ್ದು ಅದಕ್ಕೆ ತಕ್ಕ ಹಾಗೆ. ವಿದ್ಯಾರ್ಥಿಗಳು ಒಟ್ಟಾಗಿ ಪರೀಕ್ಷೆ ಹಾಲ್ ಹೊರಗೇ ನಿಂತರು. ಒಬ್ಬರೂ ಒಳಗೆ ಹೋಗಲಿಲ್ಲ. ಎಲ್ಲರಿಗೂ ಸೊನ್ನೆ, ಸೊನ್ನೆಯೇ ಅತಿ ಹೆಚ್ಚು, ಹಾಗಾಗಿ ಎಲ್ಲರಿಗೂ ಎ! ಮೇಷ್ಟ್ರು ಮಾತಿಗೆ ತಪ್ಪದೆ ಗ್ರೇಡ್ ಕೊಟ್ಟರು, ಆಮೇಲೆ ನಿಯಮ ಬದಲಾಯಿಸಿದರು. ಟಾಪರ್ ಒಬ್ಬರ ಮಾರ್ಕ್ಸ್ ಮೇಲೆ ಕರ್ವ್ ನಿಲ್ಲಿಸಬೇಡಿ ಅನ್ನೋದಕ್ಕೆ ನಾನು ಯಾವಾಗಲೂ ಇದನ್ನೇ ಹೇಳುತ್ತೇನೆ.

ಹಂತ 3: ವ್ಯಾಲ್ಯುಯೇಷನ್ ಒಂದೇ ಹದಕ್ಕೆ ತನ್ನಿ

ಇಲ್ಲಿ ಟೈಮ್ ಕೊಡಿ. ಉಳಿದದ್ದೆಲ್ಲ ಎಕ್ಸೆಲ್ ಮಾಡಿಕೊಳ್ಳುತ್ತದೆ.

1913ರಲ್ಲಿ ಸ್ಟಾರ್ಚ್ ಮತ್ತು ಎಲಿಯಟ್ ಅನ್ನುವವರು ಒಂದೇ ಒಂದು ಜಾಮಿಟ್ರಿ ಉತ್ತರಪತ್ರಿಕೆಯ ಪ್ರತಿಗಳನ್ನು ಬೇರೆ ಬೇರೆ ಶಾಲೆಗಳ ಗಣಿತದ ಮೇಷ್ಟ್ರುಗಳಿಗೆ ಕಳಿಸಿದರು. 116 ಜನ ತಿದ್ದಿದರು. ಒಬ್ಬರು 28 ಕೊಟ್ಟರೆ ಇನ್ನೊಬ್ಬರು 92 ಕೊಟ್ಟಿದ್ದರು! ಪ್ರಬಂಧ ಅಲ್ಲ, ಕಥೆ ಅಲ್ಲ, ಜಾಮಿಟ್ರಿ. ಸ್ಟೆಪ್ ಮಾರ್ಕ್ಸ್ ಕೊಡಬೇಕಾ, ಚಿತ್ರ ಬರೆಯದಿದ್ದರೆ ಎಷ್ಟು ಕತ್ತರಿಸಬೇಕು, ಇಂಥ ಸಣ್ಣ ವಿಷಯಗಳಲ್ಲೇ ಅಷ್ಟು ಅಂತರ ಹುಟ್ಟುತ್ತದೆ.

ಹಾಗಾದರೆ ಏನು ಮಾಡಬೇಕು? ಮೊದಲು ಸ್ಕೀಮ್ ಆಫ್ ವ್ಯಾಲ್ಯುಯೇಷನ್ ಸರಿಯಾಗಿ ಬರೆಯಿರಿ. "ಡಿರೈವೇಶನ್: 8 ಮಾರ್ಕ್ಸ್" ಅಂತ ಬರೆದರೆ ಅದು ಸ್ಕೀಮ್ ಅಲ್ಲ. ಚಿತ್ರಕ್ಕೆ 2, ಊಹೆಗಳಿಗೆ 1, ಸಮೀಕರಣ ಹೊಂದಿಸಿದ್ದಕ್ಕೆ 3, ಬಿಡಿಸಿದ್ದಕ್ಕೆ 2. ಮೊದಲ ಹೆಜ್ಜೆಯಲ್ಲಿ ಚಿಹ್ನೆ ತಪ್ಪಾಗಿ ಮುಂದಿನದ್ದೆಲ್ಲ ಅದೇ ತಪ್ಪಿನ ಮೇಲೆ ಸರಿಯಾಗಿ ಬಂದಿದ್ದರೆ ಒಂದೇ ಸಲ ಕತ್ತರಿಸಿ, ಆಮೇಲಿನದ್ದಕ್ಕೆ ಪೂರ್ತಿ ಕೊಡಿ. ಇದನ್ನೂ ಸ್ಕೀಮ್‌ನಲ್ಲೇ ಬರೆಯಿರಿ, ಯಾಕೆಂದರೆ ಮೇಷ್ಟ್ರುಗಳ ನಡುವೆ ಜಾಸ್ತಿ ಭಿನ್ನಾಭಿಪ್ರಾಯ ಬರುವುದು ಇಲ್ಲೇ.

ಎರಡನೆಯದಾಗಿ, ಸ್ಕೀಮ್ ಹಿಡಿದುಕೊಂಡು ಎಲ್ಲ ವ್ಯಾಲ್ಯುಯೇಟರ್‌ಗಳೂ ಒಂದೇ ಟೇಬಲ್‌ನಲ್ಲಿ ಕೂತು ಅದೇ ಐದು ಪತ್ರಿಕೆಗಳನ್ನು ಬೇರೆ ಬೇರೆಯಾಗಿ ತಿದ್ದಿ. ಪತ್ರಿಕೆ ಮೇಲೆ ಮಾರ್ಕ್ಸ್ ಬರೆಯಬೇಡಿ, ಪ್ರತ್ಯೇಕ ಹಾಳೆಯಲ್ಲಿ ಬರೆಯಿರಿ. ಆಮೇಲೆ ಹೋಲಿಸಿ. ಎಲ್ಲಿ ಎರಡು ಮಾರ್ಕ್ಸ್‌ಗಿಂತ ಜಾಸ್ತಿ ವ್ಯತ್ಯಾಸ ಬಂತೋ ಅಲ್ಲಿ ಸ್ಕೀಮ್ ತಿದ್ದಿ. ಸೀನಿಯರ್ ಪ್ರೊಫೆಸರ್ ಹೇಳಿದ್ದೇ ಸರಿ ಅಂತ ಉಳಿದವರು ತಲೆಯಾಡಿಸುವ ಅಪಾಯ ಇದೆ, ಅದಕ್ಕೇ ಪ್ರತ್ಯೇಕ ಹಾಳೆ.

ಮೂರನೆಯದು, ಪತ್ರಿಕೆ ಹಂಚಿಕೊಳ್ಳಬೇಡಿ, ಪ್ರಶ್ನೆ ಹಂಚಿಕೊಳ್ಳಿ. 1 ಮತ್ತು 2ನೇ ಪ್ರಶ್ನೆ ಎಲ್ಲ 120 ಜನರದ್ದೂ ಒಬ್ಬರೇ ತಿದ್ದಲಿ, 3 ಮತ್ತು 4 ಇನ್ನೊಬ್ಬರು. ಆಗ ಒಬ್ಬ ಮೇಷ್ಟ್ರು ಜಿಪುಣರಾದರೂ ಎಲ್ಲರಿಗೂ ಜಿಪುಣರು. ಪತ್ರಿಕೆ ಕಟ್ಟುಗಳನ್ನು ಅತ್ತಿಂದಿತ್ತ ಓಡಾಡಿಸುವ ರಗಳೆ ಇದೆ, ಒಪ್ಪುತ್ತೇನೆ. ಸ್ಕ್ಯಾನ್ ಮಾಡಿ ಕಂಪ್ಯೂಟರ್‌ನಲ್ಲಿ ತಿದ್ದುವ ವ್ಯವಸ್ಥೆ ಇದ್ದರೆ ಆ ರಗಳೆಯೂ ಇಲ್ಲ. ಪ್ರತಿ ಪ್ರಶ್ನೆಗೂ ಕಟ್ಟಿನ ಕ್ರಮ ಬದಲಾಯಿಸಿ. ಸಂಜೆ ಐದರ ಹೊತ್ತಿಗೆ ತಿದ್ದಿದ ಪತ್ರಿಕೆಗಳ ಮಾರ್ಕ್ಸ್ ಬೆಳಿಗ್ಗೆಯವಕ್ಕೆ ಹೋಲಿಸಿ ನೋಡಿದವರಿಗೆ ಯಾಕೆ ಅಂತ ಗೊತ್ತಿರುತ್ತದೆ.

ಹೆಸರು, ಯುಎಸ್‌ಎನ್ (ವಿದ್ಯಾರ್ಥಿಯ ರಿಜಿಸ್ಟರ್ ನಂಬರ್) ಕಾಣಬಾರದು. ಬ್ಲೂ ಬುಕ್ (ಇಂಟರ್ನಲ್ಸ್ ಬರೆಯುವ ಪುಸ್ತಕ) ಆದರೆ ಮೊದಲ ಪುಟ ಮಡಚಿ ಪಿನ್ ಹೊಡೆದರೂ ಸಾಕು.

ಹಂತ 4: ಇಂಟರ್ನಲ್ಸ್ ಅನ್ನೋ ಹಳ್ಳ

ಒಂದೇ ಕೋರ್ಸ್, ಎರಡು ಸೆಕ್ಷನ್, ಇಬ್ಬರು ಮೇಷ್ಟ್ರು. ಎ ಸೆಕ್ಷನ್‌ನಲ್ಲಿ ಇಂಟರ್ನಲ್ಸ್ ಸರಾಸರಿ 50ಕ್ಕೆ 46, ಬಿ ಸೆಕ್ಷನ್‌ನಲ್ಲಿ 38. ಫೈನಲ್ ಪರೀಕ್ಷೆಯನ್ನು ಎಷ್ಟೇ ಶ್ರದ್ಧೆಯಿಂದ ತಿದ್ದಿದರೂ ಬಿ ಸೆಕ್ಷನ್‌ನವರು ಎಂಟು ಮಾರ್ಕ್ಸ್ ಹಿಂದಿನಿಂದಲೇ ಓಟ ಶುರು ಮಾಡಿದ ಹಾಗಾಯಿತು. ಮುಂದಿನ ಲೆಕ್ಕದಲ್ಲಿ ನೀವೇ ನೋಡುತ್ತೀರಿ, ಕೆಳಗಿನ ಗ್ರೇಡುಗಳ ಅಗಲ ಏಳೇ ಮಾರ್ಕ್ಸ್. ಅಂದರೆ ಪೂರ್ತಿ ಒಂದು ಗ್ರೇಡ್ ಹೋಯಿತು.

ಸರಿಪಡಿಸಲು ಸೂತ್ರ ಇದೆ. ವಿದ್ಯಾರ್ಥಿಯ ಮಾರ್ಕ್ಸ್‌ನಿಂದ ಅವನ ಸೆಕ್ಷನ್ ಸರಾಸರಿ ಕಳೆಯಿರಿ, ಆ ಸೆಕ್ಷನ್‌ನ ಎಸ್‌ಡಿಯಿಂದ ಭಾಗಿಸಿ, ಇಡೀ ಬ್ಯಾಚಿನ ಎಸ್‌ಡಿಯಿಂದ ಗುಣಿಸಿ, ಬ್ಯಾಚಿನ ಸರಾಸರಿ ಕೂಡಿಸಿ. ಬಿ ಸೆಕ್ಷನ್‌ನಲ್ಲಿ 40 ತೆಗೆದವಳ ಲೆಕ್ಕ ನೋಡಿ: ಸೆಕ್ಷನ್ ಸರಾಸರಿ 38, ಎಸ್‌ಡಿ 4. ಬ್ಯಾಚಿನ ಸರಾಸರಿ 42, ಎಸ್‌ಡಿ 6 ಅಂತಿಟ್ಟುಕೊಳ್ಳಿ. ಅವಳದ್ದು 45 ಆಗುತ್ತದೆ.

ಆದರೆ ಇದನ್ನು ಕಣ್ಣುಮುಚ್ಚಿ ಹಾಕಬೇಡಿ. ಸೆಕ್ಷನ್‌ಗಳನ್ನು ಅಕ್ಷರ ಕ್ರಮದಲ್ಲೋ ಸುಮ್ನೆ ಚೀಟಿ ಎತ್ತಿಯೋ ಮಾಡಿದ್ದರೆ ಸರಿ, ಎರಡೂ ಸೆಕ್ಷನ್ ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿ ಇರುತ್ತವೆ. ಬ್ರಾಂಚ್ ಪ್ರಕಾರ ಮಾಡಿದ್ದರೆ? ಮೊದಲ ವರ್ಷದ ಗಣಿತದಲ್ಲಿ ಒಂದು ಸೆಕ್ಷನ್ ಪೂರ್ತಿ ಕಂಪ್ಯೂಟರ್ ಸೈನ್ಸ್, ಇನ್ನೊಂದು ಪೂರ್ತಿ ಬೇರೆ ಬ್ರಾಂಚ್ ಇರುತ್ತದೆ, ಸಿಇಟಿ ರ‍್ಯಾಂಕ್‌ನಲ್ಲೇ ಅಂತರ ಇರುತ್ತದೆ. ಅಲ್ಲಿ ಸರಾಸರಿ ಒಂದೇ ಮಾಡಿದರೆ ಇಲ್ಲದ ಸಮಾನತೆಯನ್ನು ನೀವೇ ಹುಟ್ಟಿಸಿದ ಹಾಗೆ. ಅಂಥ ಕಡೆ ಎರಡೂ ಸೆಕ್ಷನ್‌ಗೆ ಒಂದೇ ದಿನ ಒಂದೇ ಟೆಸ್ಟ್ ಕೊಟ್ಟು, ಪ್ರಶ್ನೆವಾರು ಹಂಚಿಕೊಂಡು ತಿದ್ದುವುದೊಂದೇ ದಾರಿ. ಅಸೈನ್‌ಮೆಂಟ್, ಕ್ವಿಜ್ ಮಾರ್ಕ್ಸ್‌ಗೂ ಇಬ್ಬರೂ ಕೂತು ಒಂದೇ ಅಳತೆ ಮಾಡಿಕೊಳ್ಳಿ.

ಇನ್ನೊಂದು ವಿಷಯ, ಇದು ತುಂಬಾ ಜನಕ್ಕೆ ಹೊಳೆಯುವುದಿಲ್ಲ. ಎಲ್ಲರಿಗೂ ಇಂಟರ್ನಲ್ಸ್‌ನಲ್ಲಿ 46ರಿಂದ 50ರ ಒಳಗೇ ಕೊಟ್ಟರೆ, ಕಾಗದದ ಮೇಲೆ ಅದಕ್ಕೆ ಅರ್ಧ ತೂಕ ಇದ್ದರೂ ನಿಜದಲ್ಲಿ ಗ್ರೇಡ್ ತೀರ್ಮಾನ ಮಾಡುವುದು ಫೈನಲ್ ಪರೀಕ್ಷೆ ಒಂದೇ. ಮಾರ್ಕ್ಸ್ ಎಲ್ಲಿ ಹರಡಿಕೊಂಡಿದೆಯೋ ಅದೇ ಕರ್ವ್‌ನಲ್ಲಿ ಮಾತಾಡುತ್ತದೆ. ಸೆಮಿಸ್ಟರ್ ಪೂರ್ತಿ ದುಡಿದವನಿಗೆ ಬೆಲೆ ಸಿಗಲಿ ಅಂತ ನಿಜವಾಗಿಯೂ ಅನ್ನಿಸಿದರೆ ಇಂಟರ್ನಲ್ಸ್‌ನಲ್ಲಿ ಧಾರಾಳತನ ಬಿಡಿ.

ಹಂತ 5: ಲೆಕ್ಕಕ್ಕೆ ಮುಂಚೆ ಪಟ್ಟಿ ಶುದ್ಧ ಮಾಡಿ

ಹನ್ನೊಂದು ಜನರ ಎಲೆಕ್ಟಿವ್ ಇದೆ. ಹತ್ತು ಜನರ ಮಾರ್ಕ್ಸ್ 58, 60, 62, 64, 66, 68, 70, 72, 74, 76. ಹನ್ನೊಂದನೆಯವನು ಪರೀಕ್ಷೆಗೇ ಬಂದಿಲ್ಲ. ಅವನನ್ನು ಬಿಟ್ಟು ಲೆಕ್ಕ ಹಾಕಿದರೆ ಸರಾಸರಿ 67, ಎಸ್‌ಡಿ ಸುಮಾರು 5.7. ಹಂತ 6ರಲ್ಲಿ ಬರುವ ಸೂತ್ರದ ಪ್ರಕಾರ ಎಸ್ ಗ್ರೇಡಿಗೆ ಸರಾಸರಿಗಿಂತ ಒಂದೂವರೆ ಎಸ್‌ಡಿ ಮೇಲೆ ಅಂದರೆ ಸುಮಾರು 75.6 ಬೇಕು. 76 ತೆಗೆದವನಿಗೆ ಎಸ್.

ಈಗ ಗೈರುಹಾಜರಾದವನನ್ನು ಸೊನ್ನೆ ಅಂತ ಸೇರಿಸಿ. ಸರಾಸರಿ 60.9ಕ್ಕೆ ಬೀಳುತ್ತದೆ. ಎಸ್‌ಡಿ ಮಾತ್ರ 20ಕ್ಕೆ ಹಾರುತ್ತದೆ. ಎಸ್ ಕಟ್‌ಆಫ್ 90.9! ಟಾಪರ್‌ಗೆ ಎ, 70 ತೆಗೆದವನು ಎ ಇಂದ ಬಿ ಗೆ ಇಳಿದ, ಆ ಕಡೆ 58 ತೆಗೆದು ಇ ಗ್ರೇಡಿನಲ್ಲಿ ಇರಬೇಕಾದವನು ಸಲೀಸಾಗಿ ಬಿ ಗೆ ಏರಿದ. ಒಬ್ಬ ಮನೆಯಲ್ಲಿ ಮಲಗಿದ್ದಕ್ಕೆ ಹತ್ತರಲ್ಲಿ ಆರು ಜನರ ಗ್ರೇಡ್ ಬದಲಾಯಿತು.

ಹಾಗಾಗಿ ಸರಾಸರಿ, ಎಸ್‌ಡಿ ತೆಗೆಯುವಾಗ ಗೈರುಹಾಜರಾದವರು, ಕೋರ್ಸ್ ಬಿಟ್ಟವರು, ಅಟೆಂಡೆನ್ಸ್ ಕಡಿಮೆಯಾಗಿ ಕೂರಿಸದವರು, ಮಾಲ್‌ಪ್ರಾಕ್ಟೀಸ್ ಕೇಸ್ ಆದವರು, ಇವರ್‍ಯಾರೂ ಪಟ್ಟಿಯಲ್ಲಿ ಇರಬಾರದು. ಬ್ಯಾಕ್‌ಲಾಗ್ ಬರೆಯುತ್ತಿರುವವರನ್ನೂ ಬಿಡಿ. ಎಲ್ಲರಿಗೂ ಗ್ರೇಡ್ ಕೊಡಬೇಕು, ಆದರೆ ಕಟ್‌ಆಫ್ ತೀರ್ಮಾನ ಮಾಡುವವರು ಈ ಸಲ ರೆಗ್ಯುಲರ್ ಆಗಿ ಪರೀಕ್ಷೆ ಬರೆದವರು ಮಾತ್ರ.

ಹಂತ 6: ಈಗ ಕರ್ವ್

ಮೊದಲು ಹಿಸ್ಟೋಗ್ರಾಮ್ ಹಾಕಿ ನೋಡಿ, ಐದೈದು ಮಾರ್ಕ್ಸ್‌ಗೆ ಒಂದೊಂದು ಕಂಬ. ಮಧ್ಯದಲ್ಲಿ ಒಂದು ಗುಡ್ಡ ಇದ್ದರೆ ಮುಂದುವರಿಯಿರಿ. ಎರಡು ಗುಡ್ಡ ಇದ್ದರೆ ನಿಲ್ಲಿ. ಮೂರನೇ ಸೆಮಿಸ್ಟರ್ ಗಣಿತದಲ್ಲಿ ಇದು ಬರಬಹುದು, ಡಿಪ್ಲೊಮಾ ಮುಗಿಸಿ ನೇರ ಎರಡನೇ ವರ್ಷಕ್ಕೆ ಸೇರಿದವರು ಒಂದು ಗುಡ್ಡ, ಪಿಯುಸಿಯಿಂದ ಬಂದವರು ಇನ್ನೊಂದು. ಸರಾಸರಿ ಎರಡರ ನಡುವಿನ ತಗ್ಗಿನಲ್ಲಿ ಬೀಳುತ್ತದೆ, ಅಲ್ಲಿ ಯಾರೂ ಇರುವುದಿಲ್ಲ. ಅಂಥ ಕಡೆ ಎಸ್‌ಡಿ ಸೂತ್ರಕ್ಕೆ ಅರ್ಥವೇ ಇಲ್ಲ, ಅಬ್ಸೊಲ್ಯೂಟ್‌ಗೆ ಹೋಗಲು ಎಚ್‌ಒಡಿ ಹತ್ತಿರ ಅನುಮತಿ ಕೇಳಿ.

120 ಜನ, ಸರಾಸರಿ 52, ಎಸ್‌ಡಿ 14 ಅಂತಿಟ್ಟುಕೊಳ್ಳೋಣ. ಚಾಲ್ತಿಯಲ್ಲಿರುವ ಒಂದು ಸೂತ್ರದ ಪ್ರಕಾರ:

ಎಸ್: ಸರಾಸರಿ + 1.5 ಎಸ್‌ಡಿ = 73
ಎ: ಸರಾಸರಿ + 0.5 ಎಸ್‌ಡಿ = 59
ಬಿ: ಸರಾಸರಿ − 0.5 ಎಸ್‌ಡಿ = 45
ಸಿ: ಸರಾಸರಿ − 1 ಎಸ್‌ಡಿ = 38
ಡಿ: ಸರಾಸರಿ − 1.5 ಎಸ್‌ಡಿ = 31
ಇ: ಸರಾಸರಿ − 2 ಎಸ್‌ಡಿ = 24

ಮಾರ್ಕ್ಸ್ ನಿಜಕ್ಕೂ ಗಂಟೆ ಆಕಾರದಲ್ಲಿ ಹರಡಿದ್ದರೆ ಶೇಕಡಾ 7ರಷ್ಟು ಜನಕ್ಕೆ ಎಸ್, 24ರಷ್ಟು ಜನಕ್ಕೆ ಎ, 38ರಷ್ಟು ಜನಕ್ಕೆ ಬಿ ಬರುತ್ತದೆ. ಎಕ್ಸೆಲ್‌ನಲ್ಲಿ ಎಸ್‌ಡಿಗೆ ಎರಡು ಫಂಕ್ಷನ್ ಇವೆ, ಕೊನೆಯಲ್ಲಿ ಪಿ ಇರುವುದು ಮತ್ತು ಎಸ್ ಇರುವುದು. ಇಡೀ ಕ್ಲಾಸ್ ನಿಮ್ಮ ಕೈಲಿರುವುದರಿಂದ ಪಿ ಬಳಸಿ. ದೊಡ್ಡ ಕ್ಲಾಸಿನಲ್ಲಿ ಗೊತ್ತಾಗುವ ವ್ಯತ್ಯಾಸ ಏನಿಲ್ಲ, ಆದರೆ ಎಲ್ಲ ಸೆಕ್ಷನ್‌ನವರೂ ಒಂದನ್ನೇ ಬಳಸಬೇಕು.

ಈಗ ತೊಡಕು. ಪಾಸಿಗೆ 40 ಬೇಕು ಅಂತ ನಿಯಮ ಇದ್ದರೆ? 40 ತೆಗೆದವನಿಗೆ ಸಿ, 39ಕ್ಕೆ ಎಫ್. ಡಿ, ಇ ಗ್ರೇಡುಗಳು ಯಾರಿಗೂ ಇಲ್ಲ. ಒಂದು ಮಾರ್ಕ್ಸ್‌ಗೆ ಇಷ್ಟು ದೊಡ್ಡ ಪ್ರಪಾತ ಇರಬಾರದು. ಇದಕ್ಕೆ ದಾರಿ, 40ಕ್ಕಿಂತ ಕೆಳಗಿನವರಿಗೆ ಮೊದಲೇ ಎಫ್ ಕೊಟ್ಟು, ಪಾಸಾದವರ ಸರಾಸರಿ ಮತ್ತು ಎಸ್‌ಡಿ ಮಾತ್ರ ತೆಗೆಯುವುದು. ನಮ್ಮ ಉದಾಹರಣೆಯಲ್ಲಿ ಪಾಸಾದವರ ಸರಾಸರಿ 57ರ ಹತ್ತಿರ ಬರುತ್ತದೆ, ಎಸ್‌ಡಿ ಲೆಕ್ಕಕ್ಕೆ ಸುಲಭವಾಗಲಿ ಅಂತ 10 ಅನ್ನಿ. ಆಗ ಎಸ್‌ಗೆ 72, ಎ ಗೆ 62, ಬಿ ಗೆ 52, ಸಿ ಗೆ 47, ಡಿ ಗೆ 42, ಇ ಗೆ 40. ಮೆಟ್ಟಿಲು ಸರಿಯಾಗಿ ಬಂತು. ಎ ಕಟ್‌ಆಫ್ 59ರಿಂದ 62ಕ್ಕೆ ಏರಿತು ಅಂತ ಕೆಲವರು ಗೊಣಗುತ್ತಾರೆ. ಗೊಣಗಲಿ, ಕೋರ್ಸ್ ಪ್ಲಾನ್‌ನಲ್ಲಿ ಮೊದಲೇ ಬರೆದಿದ್ದೀರಲ್ಲ. ಇದರ ನಂತರ ಹಂತ 2ರ ಗ್ಯಾರಂಟಿಯನ್ನೂ ಒಮ್ಮೆ ಹಾಕಿ ನೋಡಿ.

"ಶೇಕಡಾ ಇಷ್ಟೇ ಜನಕ್ಕೆ ಎ" ಅನ್ನುವ ಕೋಟಾ ಪದ್ಧತಿ ನನಗೆ ಹಿಡಿಸುವುದಿಲ್ಲ. ಅಮೆರಿಕದ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯ 2004ರಲ್ಲಿ ಎ ಗ್ರೇಡುಗಳು ಶೇಕಡಾ 35 ದಾಟಬಾರದು ಅಂತ ಗುರಿ ಇಟ್ಟುಕೊಂಡು, 2014ರಲ್ಲಿ ಕೈಬಿಟ್ಟಿತು. ಕೋಟಾದಲ್ಲಿ ಗೆರೆ ಎಲ್ಲಿ ಬೀಳುತ್ತದೆ ಅನ್ನೋದಕ್ಕೂ ಹುಡುಗರಿಗೆ ಬಂದ ವಿದ್ಯೆಗೂ ಸಂಬಂಧವೇ ಇರುವುದಿಲ್ಲ. ಒಂದೇ ಮಾರ್ಕ್ಸ್ ತೆಗೆದ ಮೂವರು ಗೆರೆಯ ಮೇಲೆ ನಿಂತರೆ ಯಾರನ್ನು ಬಿಡುತ್ತೀರಿ?

ಹಂತ 7: ಗಡಿಯಲ್ಲಿ ನಿಂತವರು

"ಸರ್, ಒಂದೇ ಒಂದು ಮಾರ್ಕ್ ಸರ್." ರಿಸಲ್ಟ್ ಬಂದ ದಿನ ನಿಮ್ಮ ಕ್ಯಾಬಿನ್ ಬಾಗಿಲಲ್ಲಿ ಇದು ಗ್ಯಾರಂಟಿ. ಬಂದು ಕೇಳಿದವನಿಗೆ ಕೊಟ್ಟು, ಸಂಕೋಚದಿಂದ ಕೇಳದೆ ಮನೆಗೆ ಹೋದವಳಿಗೆ ಕೊಡದಿದ್ದರೆ ಅದಕ್ಕಿಂತ ದೊಡ್ಡ ತಾರತಮ್ಯ ಇಲ್ಲ. ಆದ್ದರಿಂದ ಈ ಕೆಲಸ ರಿಸಲ್ಟ್‌ಗೆ ಮುಂಚೆಯೇ ಮುಗಿಸಿ. ಪ್ರತಿ ಕಟ್‌ಆಫ್‌ಗೆ ಎರಡು ಮಾರ್ಕ್ಸ್ ಕೆಳಗಿರುವ ಎಲ್ಲರ ಪತ್ರಿಕೆಯನ್ನೂ, ಕೇಳಲಿ ಬಿಡಲಿ, ಇನ್ನೊಬ್ಬರ ಕೈಲಿ ಇನ್ನೊಮ್ಮೆ ನೋಡಿಸಿ. ಕೂಡಿಸಿದ್ದು ತಪ್ಪಾಗಿದೆಯಾ, ಹಿಂದಿನ ಪುಟದಲ್ಲಿ ಬರೆದದ್ದು ಕಣ್ತಪ್ಪಿದೆಯಾ ಅಂತ ನೋಡಿದರೆ ಸಾಕು. ಸಿಕ್ಕರೆ ಏರಿಸಿ, ಇಲ್ಲದಿದ್ದರೆ ಬಿಡಿ.

ಕಟ್‌ಆಫ್ ಅನ್ನು ಹತ್ತಿರದ ಖಾಲಿ ಜಾಗಕ್ಕೆ ಸರಿಸುವುದೂ ಒಳ್ಳೆಯ ಪದ್ಧತಿ. ಲೆಕ್ಕದಲ್ಲಿ 62 ಬಂದಿದೆ, 61ರಲ್ಲಿ ನಾಲ್ಕು ಜನ ಇದ್ದಾರೆ, 60 ಮತ್ತು 59ರಲ್ಲಿ ಯಾರೂ ಇಲ್ಲ ಅಂದರೆ 61ಕ್ಕೆ ಇಳಿಸಿ. ಮೂರು ಷರತ್ತು: ಕೆಳಕ್ಕೆ ಮಾತ್ರ, ಎರಡು ಮಾರ್ಕ್ಸ್‌ಗಿಂತ ಜಾಸ್ತಿ ಬೇಡ, ಹೆಸರಿನ ಕಾಲಂ ಹೈಡ್ ಮಾಡಿದ ಶೀಟ್‌ನಲ್ಲೇ ಆಗಬೇಕು.

ಹಂತ 8: ರಿಸಲ್ಟ್ ಆದಮೇಲೆ

ನೋಟಿಸ್ ಬೋರ್ಡಿನಲ್ಲಿ ಸರಾಸರಿ, ಎಸ್‌ಡಿ, ಕಟ್‌ಆಫ್‌ಗಳು, ಹೆಸರಿಲ್ಲದ ಹಿಸ್ಟೋಗ್ರಾಮ್ ಹಾಕಿ. ತಕರಾರು ಅರ್ಧ ಅಲ್ಲೇ ಕಡಿಮೆಯಾಗುತ್ತದೆ. ಪತ್ರಿಕೆ ನೋಡಲು ಒಂದು ದಿನ ಗೊತ್ತುಮಾಡಿ, ಸ್ಕೀಮ್ ಜೊತೆಗೇ ತೋರಿಸಿ.

ರೀವ್ಯಾಲ್ಯುಯೇಷನ್‌ನಲ್ಲಿ ಯಾರದ್ದೋ ಮಾರ್ಕ್ಸ್ ಏರಿದರೆ ಸರಾಸರಿಯೂ ಕೂದಲೆಳೆಯಷ್ಟು ಏರುತ್ತದೆ. ಕಟ್‌ಆಫ್ ಮತ್ತೆ ಲೆಕ್ಕ ಹಾಕಬೇಡಿ. ಒಮ್ಮೆ ಪ್ರಕಟವಾದ ಕಟ್‌ಆಫ್ ಮುಗಿಯಿತು, ಯಾರೋ ಅರ್ಜಿ ಹಾಕಿದ್ದಕ್ಕೆ ಇನ್ಯಾರದ್ದೋ ಗ್ರೇಡ್ ಇಳಿಯಬಾರದು. ಸ್ಕೀಮೇ ತಪ್ಪಿತ್ತು ಅಂತ ಗೊತ್ತಾದರೆ ಮಾತು ಬೇರೆ, ಆಗ ಆ ಪ್ರಶ್ನೆಯನ್ನು ಎಲ್ಲರದ್ದೂ ತಿದ್ದಿ, ಏರಿದವರಿಗೆ ಏರಿಸಿ, ಯಾರನ್ನೂ ಇಳಿಸಬೇಡಿ.

ಸಪ್ಲಿ ಬರೆದವರಿಗೆ ಪ್ರತ್ಯೇಕ ಕರ್ವ್ ಬೇಡ. ಅಲ್ಲಿ ಇರುವವರೇ ಹದಿನೈದು ಜನ, ಎಲ್ಲರೂ ಒಮ್ಮೆ ಫೇಲಾದವರು, ಅವರಲ್ಲಿ ಟಾಪರ್‌ಗೆ ಎಸ್ ಕೊಟ್ಟರೆ ಮೊದಲ ಸಲವೇ ಕಷ್ಟಪಟ್ಟು ಬಿ ತೆಗೆದವಳು ಏನಂದುಕೊಳ್ಳಬೇಕು? ಮೂಲ ಪರೀಕ್ಷೆಯ ಕಟ್‌ಆಫ್‌ಗಳನ್ನೇ ಹಾಕಿ. ಪೇಪರ್ ಸೆಟ್ ಮಾಡುವಾಗಲೇ ಹಳೆಯ ಪೇಪರ್ ಪಕ್ಕದಲ್ಲಿಟ್ಟುಕೊಂಡು ಅದೇ ಮಟ್ಟಕ್ಕೆ ಮಾಡಿ.

ಕೊನೆಗೆ ಒಂದು ಫೈಲ್ ಮಾಡಿಡಿ: ಪ್ರಶ್ನೆಪತ್ರಿಕೆ, ತಿದ್ದಿದ ಸ್ಕೀಮ್, ಕಟ್‌ಆಫ್ ಶೀಟ್, ಎಲ್ಲಿ ಸರಿಸಿದಿರಿ, ಯಾಕೆ. ಮುಂದಿನ ವರ್ಷ ಈ ಕೋರ್ಸ್ ಇನ್ಯಾರಿಗೋ ಹೋಗುತ್ತದೆ. ಹೋದ ವರ್ಷ 62ಕ್ಕೆ ಎ ಬಂದಿತ್ತು, ಈ ವರ್ಷ 48ಕ್ಕೇ ಎ ಬರುತ್ತಿದೆ ಅಂತ ಕಂಡರೆ ಪೇಪರ್ ಅಷ್ಟು ಕಷ್ಟ ಇತ್ತಾ, ಅಥವಾ ಪಾಠವೇ ಸರಿಯಾಗಿ ಆಗಲಿಲ್ಲವಾ ಅಂತ ಅವರು ಆ ಫೈಲ್ ನೋಡಿಯೇ ಕೇಳಬೇಕು. ಕರ್ವ್ ಮಾತ್ರ ನೋಡಿದರೆ ಎರಡು ವರ್ಷವೂ ಒಂದೇ ತರಹ ಕಾಣುತ್ತದೆ.